ಕ್ಲಚ್ಚಿಗೂ ಬೇಕು ಬೆರಳಗಲ ಸಡಿಲು



ಹೋದ ಸಲ ಮಿಕ್ಸಿ ರಿಪೇರಿಯ ಬಗ್ಗೆ ಬರೆದ ಮೇಲೆ ಬಂದ ಕಾಗದಗಳಲ್ಲಿ ಒಂದು ನನ್ನನ್ನು ಯೋಚನೆಗೆ ಹಚ್ಚಿತು. ಮಲೆನಾಡಿನ ಅಂಚಿನ ಒಂದು ಸಣ್ಣ ಊರಿನ ಸೋದರಿ ಹೀಗೆ ಬರೆದಿದ್ದಾರೆ: “ಅಕ್ಕಾ, ನಮ್ಮ ಮನೆಯವರು ದಿನಾ ಬೆಳಿಗ್ಗೆ ಬೈಕಲ್ಲಿ ಎರಡು ಕ್ಯಾನು ಹಾಲು ಡೈರಿಗೆ ಹಾಕಿ ಬಂದು, ಮಕ್ಕಳನ್ನ ಶಾಲೆಗೆ ಬಿಟ್ಟು, ಅದರಲ್ಲೇ ಕೆಲಸಕ್ಕೆ ಹೋಗ್ತಾರೆ. ಹದಿನೈದು ದಿನದಿಂದ ದಿಬ್ಬ ಹತ್ತುವಾಗ ಬರೀ ಶಬ್ದ, ಗಾಡಿ ಮುಂದಕ್ಕೆ ಹೋಗಲ್ಲ. ಮೆಕ್ಯಾನಿಕ್ಕಿಗೆ ತೋರಿಸಿದ್ರೆ ಕ್ಲಚ್ ಪ್ಲೇಟ್ ಹೋಗಿರಬೇಕು, ಸೆಟ್ಟೇ ಬದಲಾಯಿಸೋಣ ಅಂದ. ಮಗಳ ಫೀಸಿಗೆ ಅಂತ ಕಟ್ಟಿದ ಚೀಟಿ ದುಡ್ಡನ್ನ ಇದಕ್ಕೆ ಹಾಕಬೇಕಾ? ಇಂಥದ್ದೆಲ್ಲ ನಿಮ್ಮ ಹತ್ರ ಕೇಳಬಹುದೋ ಇಲ್ಲವೋ ಗೊತ್ತಿಲ್ಲ.”

ಧಾರಾಳವಾಗಿ ಕೇಳಬಹುದು, ತಂಗಿ. ಮನೆಯ ಅನ್ನ ಯಾವುದರ ಮೇಲೆ ನಿಂತಿದೆಯೋ ಅದೆಲ್ಲ ಗೃಹಿಣಿಯ ವಿಷಯವೇ. ಬೈಕು ಓಡಿಸುವವರು ಗಂಡಸರೇ ಇರಬಹುದು, ಆದರೆ ಅದು ಕೆಟ್ಟು ನಿಂತಾಗ ಡಬ್ಬಿಯಲ್ಲಿಟ್ಟ ದುಡ್ಡು ಹೊರಗೆ ಬರುವುದು ನಮ್ಮ ಕೈಯಿಂದಲೇ ಅಲ್ಲವೇ? ಆದ್ದರಿಂದ “ಇದೇನು ಹೆಂಗಸರ ಕೆಲಸವೇ” ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ. ಚೀಟಿ ದುಡ್ಡಿಗೆ ಕೈ ಹಾಕುವ ಮುಂಚೆ ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಒಂದು ಸ್ಕೇಲು ತೆಗೆದುಕೊಂಡು ಬೈಕಿನ ಹತ್ತಿರ ಬನ್ನಿ.

ಕ್ಲಚ್ಚು ಮಾಡುವ ಕೆಲಸ

ಎರಡು ಅಂಗೈಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ಒತ್ತಡ ಬಿಟ್ಟರೆ ಒಂದು ತಿರುಗಿದರೂ ಇನ್ನೊಂದು ಸುಮ್ಮನಿರುತ್ತದೆ. ಕ್ಲಚ್ಚು ಅಂದರೆ ಇಷ್ಟೇ. ಇಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ದುಂಡನೆಯ ತೆಳು ಪ್ಲೇಟುಗಳನ್ನು ಇಡ್ಲಿ ತಟ್ಟೆಗಳ ಹಾಗೆ ಒಂದರ ಪಕ್ಕ ಒಂದು ಜೋಡಿಸಿರುತ್ತಾರೆ. ಒಂದು ಉಕ್ಕಿನದು, ಒಂದು ಒರಟು ಪಟ್ಟಿ ಅಂಟಿಸಿದ್ದು, ಮತ್ತೆ ಉಕ್ಕಿನದು, ಹೀಗೆ. ಗಟ್ಟಿ ಸ್ಪ್ರಿಂಗುಗಳು ಇವನ್ನೆಲ್ಲ ಒತ್ತಿ ಹಿಡಿದಿರುತ್ತವೆ. ಹಾಗೆ ಒತ್ತಿದಾಗ ಇಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುತ್ತದೆ.

ಎಡಗೈಯ ಲಿವರನ್ನು ಹಿಡಿದಾಗ ಕೇಬಲ್ಲು ಎಳೆದು ಸ್ಪ್ರಿಂಗಿನ ಒತ್ತಡ ತಪ್ಪುತ್ತದೆ, ಪ್ಲೇಟುಗಳು ಬಿಡಿಬಿಡಿಯಾಗುತ್ತವೆ. ಇಂಜಿನ್ ಓಡುತ್ತಿದ್ದರೂ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಗೇರು ಬದಲಾಯಿಸುವುದು ಆಗಲೇ.

ಹಿಟ್ಟು ರುಬ್ಬುವ ಗ್ರೈಂಡರಿನ ಬೆಲ್ಟು ಸಡಿಲವಾದಾಗ ಏನಾಗುತ್ತದೆ, ನಿಮಗೆ ಗೊತ್ತು. ಮೋಟಾರು ಗುಂಯ್ ಅನ್ನುತ್ತದೆ, ಕಲ್ಲು ತಿರುಗುವುದಿಲ್ಲ, ರಬ್ಬರು ಸುಟ್ಟ ವಾಸನೆ ಬರುತ್ತದೆ. ಬೈಕು ದಿಬ್ಬದಲ್ಲಿ ಬರೀ ಶಬ್ದ ಮಾಡುವುದೂ ಇದೇ ಕಾಯಿಲೆ. ಇದಕ್ಕೆ ಮೆಕ್ಯಾನಿಕ್ಕುಗಳು “ಕ್ಲಚ್ ಸ್ಲಿಪ್ ಆಗ್ತಿದೆ” ಎನ್ನುತ್ತಾರೆ.

ಸಡಿಲು ಯಾಕೆ ಬೇಕು?

ರವಿಕೆ ಹೊಲಿಯುವಾಗ ಮೈಯಳತೆಗೆ ಸರಿಯಾಗಿ ಕತ್ತರಿಸಿದರೆ ಕೈ ಎತ್ತಲಾಗುವುದಿಲ್ಲ, ಸ್ವಲ್ಪ ಸಡಿಲು ಬಿಡಲೇಬೇಕು. ಕ್ಲಚ್ ಲಿವರಿಗೂ ಹಾಗೆಯೇ. ಲಿವರನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮೊದಲು ಸ್ವಲ್ಪ ದೂರ ಅದು ಸುಮ್ಮನೆ ಬರಬೇಕು, ಆಮೇಲೆ ಬಿಗಿ ಸಿಗಬೇಕು. ಸುಮ್ಮನೆ ಬರುವ ಆ ದೂರವೇ ಸಡಿಲು. ಗ್ಯಾರೇಜಿನಲ್ಲಿ ಇದಕ್ಕೆ “ಪ್ಲೇ” ಅನ್ನುತ್ತಾರೆ.

ಸಡಿಲೇ ಇಲ್ಲದಿದ್ದರೆ ಲಿವರನ್ನು ಯಾರೂ ಮುಟ್ಟದಿದ್ದರೂ ಕೇಬಲ್ಲು ಪ್ಲೇಟುಗಳನ್ನು ಚೂರು ಎಳೆದೇ ಇಟ್ಟಿರುತ್ತದೆ. ಪ್ಲೇಟುಗಳು ಪೂರ್ತಿ ಒತ್ತಿಕೊಳ್ಳದೆ ಜಾರುತ್ತವೆ, ಜಾರಿ ಬಿಸಿಯಾಗುತ್ತವೆ, ಬಿಸಿಯಾಗಿ ಸುಡುತ್ತವೆ. ಸಡಿಲು ಅತಿಯಾದರೆ ಇದರ ಉಲ್ಟಾ. ಲಿವರನ್ನು ಪೂರ್ತಿ ಹಿಡಿದರೂ ಪ್ಲೇಟುಗಳು ಸರಿಯಾಗಿ ಬಿಡುವುದಿಲ್ಲ.

ಈ ಸಡಿಲು ಒಮ್ಮೆ ಇಟ್ಟರೆ ಹಾಗೇ ನಿಲ್ಲುವುದಿಲ್ಲ. ಕೇಬಲ್ಲು ಎಳೆದೆಳೆದು ಉದ್ದವಾದರೆ ಸಡಿಲು ಹೆಚ್ಚುತ್ತದೆ. ಪ್ಲೇಟು ಸವೆದಂತೆ ಹೆಚ್ಚಿನ ಬೈಕುಗಳಲ್ಲಿ ಅದು ಕಡಿಮೆಯಾಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ನೋಡಿಕೊಳ್ಳುತ್ತಿರಬೇಕು. ನೋಡದೆ ಬಿಟ್ಟರೆ, ಕಾಸಿಲ್ಲದೆ ಆಗುವ ಕೆಲಸವೇ ಮುಂದೆ ಪ್ಲೇಟ್ ಸೆಟ್ಟಿನ ಖರ್ಚಾಗಿ ಬಂದು ನಿಲ್ಲುತ್ತದೆ.

ಯಾವ ಲಕ್ಷಣಕ್ಕೆ ಯಾವ ಕಾರಣ?

ಬೈಕು ಓಡಿಸುವವರನ್ನು ಕೂರಿಸಿಕೊಂಡು ಇವನ್ನು ಕೇಳಿ. ಕಾಫಿ ಕೊಟ್ಟು ಕೇಳಿದರೆ ಉತ್ತರ ಸರಿಯಾಗಿ ಬರುತ್ತದೆ!

ಒಂದು: ಆಕ್ಸಿಲರೇಟರ್ ಕೊಟ್ಟರೆ ಶಬ್ದ ಏರುತ್ತದೆ, ವೇಗ ಏರುವುದಿಲ್ಲ, ದಿಬ್ಬದಲ್ಲಿ, ಹಿಂದೆ ಭಾರ ಇದ್ದಾಗ ಜಾಸ್ತಿ, ಸುಟ್ಟ ವಾಸನೆ, ಪೆಟ್ರೋಲು ಬೇಗ ಮುಗಿಯುತ್ತದೆ. ಇದು ಜಾರುವಿಕೆ. ಕಾರಣ: ಸಡಿಲು ಇಲ್ಲದಿರುವುದು, ತಪ್ಪು ಇಂಜಿನ್ ಆಯಿಲ್, ಸ್ಪ್ರಿಂಗ್ ಸೋತಿರುವುದು, ಇಲ್ಲವೇ ಪ್ಲೇಟ್ ಸವೆದಿರುವುದು.

ಎರಡು: ಲಿವರ್ ಪೂರ್ತಿ ಹಿಡಿದಿದ್ದರೂ ಗಾಡಿ ಮುಂದೆ ತೆವಳುತ್ತದೆ, ಗೇರು ಬೀಳುವಾಗ ಟಕ್ ಎಂದು ಜೋರು ಶಬ್ದ, ನ್ಯೂಟ್ರಲ್ ಸಿಗುವುದೇ ಇಲ್ಲ, ಮೊದಲ ಗೇರು ಹಾಕಿದ ಕೂಡಲೇ ಇಂಜಿನ್ ನಿಂತುಹೋಗುತ್ತದೆ. ಇಲ್ಲಿ ಪ್ಲೇಟುಗಳು ಬಿಡುತ್ತಿಲ್ಲ. ಕಾರಣ: ಹೆಚ್ಚಾದ ಸಡಿಲು, ಎಳೆದ ಕೇಬಲ್ಲು, ಸೊಟ್ಟಗಾದ ಪ್ಲೇಟು. ಗಾಡಿ ಬಹಳ ದಿನ ನಿಂತಲ್ಲೇ ನಿಂತಿದ್ದರೆ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುವುದೂ ಉಂಟು. ಆಗ ಇಂಜಿನ್ ಬಂದ್ ಇರುವಾಗಲೇ ಗೇರಿನಲ್ಲಿಟ್ಟು, ಲಿವರ್ ಹಿಡಿದು, ಗಾಡಿಯನ್ನು ಹಿಂದೆ ಮುಂದೆ ನಾಲ್ಕಾರು ಸಲ ತಳ್ಳಿದರೆ ಬಿಟ್ಟುಕೊಳ್ಳುತ್ತವೆ.

ಮೂರು: ಲಿವರ್ ಹಿಡಿಯಲು ಬಲ ಬೇಕು, ಬಿಟ್ಟರೆ ನಿಧಾನವಾಗಿ ವಾಪಸು ಬರುತ್ತದೆ. ಇದು ಬಹುತೇಕ ಒಣಗಿದ, ಮಡಿಚಿಕೊಂಡ, ಅಥವಾ ಒಳಗೆ ಎಳೆ ಬಿಚ್ಚಿದ ಕೇಬಲ್ಲಿನ ತೊಂದರೆ.

ಮೊದಲು ಅಳತೆ

ಇಂಜಿನ್ ತಣ್ಣಗಿರಬೇಕು, ಬೆಳಗಿನ ಹೊತ್ತು ಒಳ್ಳೆಯದು. ಆಗಷ್ಟೇ ಬಂದ ಗಾಡಿಯ ಸೈಲೆನ್ಸರ್ ಮೀನಖಂಡಕ್ಕೆ ತಾಕಿದರೆ ಬೊಬ್ಬೆ ಗ್ಯಾರಂಟಿ. ಗಾಡಿಯನ್ನು ಸಮನಾದ ನೆಲದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಕೀಲಿ ತೆಗೆದು ನಿಮ್ಮ ಸೊಂಟಕ್ಕೇ ಸಿಕ್ಕಿಸಿಕೊಳ್ಳಿ. ಸೆರಗು, ದುಪಟ್ಟ ಬಿಗಿಯಾಗಿ ಸುತ್ತಿಕೊಂಡಿರಲಿ. ಪುಟ್ಟ ಮಕ್ಕಳು ಹತ್ತಿರ ಬೇಡ.

ಹ್ಯಾಂಡಲ್ ನೇರ ಇಡಿ. ಲಿವರಿನ ತುದಿಯ ಪಕ್ಕದಲ್ಲಿ ಸ್ಕೇಲು ಹಿಡಿಯಿರಿ. ಒಂದು ಬೆರಳಿನಿಂದ ಮೆಲ್ಲಗೆ ಲಿವರ್ ಒತ್ತಿ. ಎಲ್ಲಿ ಬಿಗಿ ಸಿಕ್ಕಿತೋ ಅಲ್ಲಿಗೆ ನಿಲ್ಲಿಸಿ, ತುದಿ ಎಷ್ಟು ದೂರ ಬಂತು ನೋಡಿ. ನಮ್ಮೂರುಗಳಲ್ಲಿ ಓಡಾಡುವ 100 ಸಿ.ಸಿ. ಬೈಕುಗಳಲ್ಲಿ ಸಾಮಾನ್ಯವಾಗಿ ಇದು 10ರಿಂದ 20 ಮಿ.ಮೀ. ಇರಬೇಕು, ಅಂದರೆ ಹೆಚ್ಚುಕಡಿಮೆ ಒಂದು ಬೆರಳಗಲ. ಕೆಲವು ಕಂಪನಿಗಳು ತುದಿಯಲ್ಲಿ ಅಳೆಯದೆ ಲಿವರಿನ ಬುಡದ ಸಂದಿಯಲ್ಲಿ 2–3 ಮಿ.ಮೀ. ಎಂದು ಹೇಳುತ್ತವೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇದನ್ನು ಬರೆದೇ ಇರುತ್ತಾರೆ. ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟ ಆ ಪುಸ್ತಕವನ್ನು ಒಮ್ಮೆ ತೆಗೆದು ನೋಡಿ.

ಈಗ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಅಳತೆ ತೀರಾ ಬದಲಾದರೆ ಕೇಬಲ್ಲು ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಮೊದಲು ಅದನ್ನು ಬಿಡಿಸಬೇಕು.

ಸರಿಪಡಿಸುವ ಕ್ರಮ

ಬೇಕಾಗುವ ಸಾಮಾನು: ಗಾಡಿಯ ಟೂಲ್ ಕಿಟ್ಟಿನಲ್ಲಿರುವ ಸ್ಪ್ಯಾನರುಗಳು (ಗಾಡಿಗೆ ತಕ್ಕಂತೆ 10, 12 ಅಥವಾ 14ರ ನಂಬರು), ಒಂದು ಹಳೆ ಬಟ್ಟೆ, ಸ್ಕೇಲು.

1. ಲಿವರಿನ ಬುಡದಲ್ಲಿ ಕೇಬಲ್ಲು ಒಳಗೆ ಹೋಗುವ ಕಡೆ ರಬ್ಬರಿನ ಟೋಪಿ ಇದ್ದರೆ ಹಿಂದಕ್ಕೆ ಸರಿಸಿ. ಅಲ್ಲಿ ಗೀರು ಗೀರಾದ ಎರಡು ಬಿಲ್ಲೆಗಳಿರುತ್ತವೆ. ಒಂದು ತಿರುಗಿಸುವ ಅಡ್ಜಸ್ಟರ್, ಇನ್ನೊಂದು ಅದು ಅಲ್ಲಾಡದಂತೆ ಹಿಡಿಯುವ ಲಾಕ್. ಕೆಲವು ಗಾಡಿಗಳಲ್ಲಿ ಮೇಲೆ ಇದು ಇರುವುದಿಲ್ಲ, ಅಂಥವರು ನೇರವಾಗಿ 4ನೆಯ ಕ್ರಮಕ್ಕೆ ಹೋಗಿ.

2. ಲಾಕನ್ನು ಸಡಿಲಿಸಿ ಅಡ್ಜಸ್ಟರನ್ನು ಅರ್ಧ ಸುತ್ತು ಮಾತ್ರ ತಿರುಗಿಸಿ. ಅಡ್ಜಸ್ಟರ್ ಹೊರಗೆ ಬಂದಷ್ಟೂ ಸಡಿಲು ಕಡಿಮೆಯಾಗುತ್ತದೆ, ಒಳಗೆ ಹೋದಷ್ಟೂ ಸಡಿಲು ಹೆಚ್ಚುತ್ತದೆ. ಪ್ರತಿ ಅರ್ಧ ಸುತ್ತಿಗೂ ಅಳೆಯಿರಿ. ಉಪ್ಪು ಹಾಕುವ ಹಾಗೆ, ಚೂರು ಚೂರೇ.

3. ಅಳತೆ ಸರಿಹೋದ ಮೇಲೆ ಲಾಕ್ ಬಿಗಿ ಮಾಡಿ. ಅಡ್ಜಸ್ಟರಿನಲ್ಲೂ ಲಾಕಿನಲ್ಲೂ ಕೇಬಲ್ಲು ಹೊರಗೆ ತೆಗೆಯಲೆಂದು ಒಂದೊಂದು ಸೀಳಿರುತ್ತದೆ. ಆ ಸೀಳುಗಳು ಲಿವರ್ ಹಿಡಿಯ ಸೀಳಿನ ಜೊತೆ ಒಂದೇ ಸಾಲಿಗೆ ಬರಬಾರದು. ಬಂದರೆ ಕೇಬಲ್ಲು ಜಾರಿ ಹೊರಬರಬಹುದು, ಮಳೆನೀರೂ ಇಳಿಯುತ್ತದೆ. ಆಮೇಲೆ ರಬ್ಬರ್ ಟೋಪಿ ಮರೆಯದೆ ಮುಚ್ಚಿ.

4. ಮೇಲಿನ ಅಡ್ಜಸ್ಟರ್ ಬಹಳ ಹೊರಗೆ ಬಂದುಬಿಟ್ಟಿದ್ದರೆ ಅದನ್ನು ಇನ್ನೂ ತಿರುಗಿಸಬೇಡಿ, ಎಳೆ ಹಿಡಿತ ಸಾಲದೆ ಮುರಿಯುತ್ತದೆ. ಅದನ್ನು ಪೂರ್ತಿ ಒಳಗೆ ಹಾಕಿ, ಒಂದು ಸುತ್ತು ಹೊರಗೆ ತೆಗೆದು, ಅಲ್ಲಿಗೆ ಬಿಡಿ. ಈಗ ಕೇಬಲ್ಲನ್ನೇ ಅನುಸರಿಸಿ ಕೆಳಗೆ ಇಂಜಿನ್ನಿನ ಹತ್ತಿರ ಹೋಗಿ. ಅಲ್ಲಿ ಒಂದು ಕಬ್ಬಿಣದ ಹಿಡಿಯ ಎರಡು ಕಡೆ ಎರಡು ನಟ್ಟುಗಳಿರುತ್ತವೆ. ಒಂದನ್ನು ಸ್ಪ್ಯಾನರಿನಿಂದ ಹಿಡಿದು ಇನ್ನೊಂದನ್ನು ಸಡಿಲಿಸಿ. ಒಂದೊಂದು ಸುತ್ತು ತಿರುಗಿಸಿ ಮೇಲೆ ಲಿವರಿನಲ್ಲಿ ಅಳತೆ ನೋಡಿ. ನಿಮಗೆ ಬೇಕಾದದ್ದಕ್ಕಿಂತ ಉಲ್ಟಾ ಆಯಿತೇ, ಇನ್ನೊಂದು ಕಡೆಗೆ ತಿರುಗಿಸಿ. ಸರಿಯಾದ ಮೇಲೆ ಎರಡೂ ನಟ್ಟು ಬಿಗಿ ಮಾಡಿ.

5. ಈಗ ಪರೀಕ್ಷೆ. ಸ್ಟ್ಯಾಂಡಿನಿಂದ ಇಳಿಸಿ, ಇಂಜಿನ್ ಬಂದ್ ಇಟ್ಟು, ಮೊದಲ ಗೇರು ಹಾಕಿ. ಲಿವರ್ ಹಿಡಿದು ತಳ್ಳಿದರೆ ಸ್ವಲ್ಪ ಭಾರವಾಗಿಯಾದರೂ ಗಾಡಿ ಉರುಳಬೇಕು. ಲಿವರ್ ಬಿಟ್ಟರೆ ತಡೆದು ನಿಲ್ಲಬೇಕು. ಆಮೇಲೆ ಓಡಿಸಲು ಬರುವವರು ಹತ್ತಿ, ಬಯಲಿನಲ್ಲಿ ಸ್ಟಾರ್ಟ್ ಮಾಡಿ, ಲಿವರ್ ಹಿಡಿದು ಮೊದಲ ಗೇರು ಹಾಕಲಿ. ಇಂಜಿನ್ ನಿಲ್ಲಬಾರದು, ಗಾಡಿ ತೆವಳಬಾರದು. ಲಿವರ್ ನಿಧಾನವಾಗಿ ಬಿಟ್ಟಾಗ ಜಗ್ಗದೆ ಹೊರಡಬೇಕು.

ಸ್ಲಿಪ್ ಇನ್ನೂ ಇದೆಯೇ ಎಂದು ತಿಳಿಯಲು ಇನ್ನೊಂದು ಉಪಾಯ. ಮುಂದೆ ಯಾರೂ ಇಲ್ಲದ ಸಮನೆಲದಲ್ಲಿ, ಎರಡೂ ಬ್ರೇಕು ಗಟ್ಟಿಯಾಗಿ ಹಿಡಿದು, ಗಾಡಿ ನಿಂತಿರುವಾಗಲೇ ಕೊನೆಯ ಗೇರು ಹಾಕಿ, ಲಿವರನ್ನು ನಿಧಾನವಾಗಿ ಬಿಡಬೇಕು. ಇಂಜಿನ್ ಗಕ್ಕನೆ ನಿಂತುಹೋದರೆ ಕ್ಲಚ್ಚು ಹಿಡಿಯುತ್ತಿದೆ. ಲಿವರ್ ಪೂರ್ತಿ ಬಿಟ್ಟರೂ ಗುಂಯ್ ಎಂದು ಓಡುತ್ತಲೇ ಇದ್ದರೆ ಜಾರುತ್ತಿದೆ, ಕೂಡಲೇ ಬಂದ್ ಮಾಡಿ. ಇದನ್ನು ಒಮ್ಮೆ ಮಾಡಿದರೆ ಸಾಕು.

ಕೇಬಲ್ಲಿಗೆ ಎಣ್ಣೆ: ಮೆಹೆಂದಿ ಕೋನ್ ಉಪಾಯ

ಲಿವರ್ ಬಿಗಿಯಾಗಿದ್ದರೆ ಕೇಬಲ್ಲಿನ ಮೇಲಿನ ತುದಿಯನ್ನು ಲಿವರಿನಿಂದ ಬಿಡಿಸಿ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಮೆಹೆಂದಿ ಕೋನಿನ ಹಾಗೆ ಸುತ್ತಿ, ಚೂಪು ತುದಿಯನ್ನು ಕೇಬಲ್ಲಿನ ಹೊರ ಕವಚದ ಬಾಯಿಗೆ ದಾರದಿಂದ ಬಿಗಿಯಾಗಿ ಕಟ್ಟಿ. ಅದರೊಳಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ಚಮಚ ಹಾಕಿ, ಒಳಗಿನ ತಂತಿಯನ್ನು ಮೇಲೆ ಕೆಳಗೆ ಆಡಿಸಿ, ರಾತ್ರಿಯಿಡೀ ಬಿಡಿ. ಕೆಳಗಿನ ತುದಿಗೆ ಬಟ್ಟೆ ಕಟ್ಟಿರಿ, ಇಲ್ಲದಿದ್ದರೆ ಅಂಗಳವೆಲ್ಲ ಕಲೆ. ಲಿವರ್ ತಿರುಗುವ ಬೋಲ್ಟಿಗೂ ಚೂರು ಗ್ರೀಸ್ ಸವರಿ.

ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಮಾತ್ರ ಖಂಡಿತ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಮಡಿಕೇರಿ, ಚಿಕ್ಕಮಗಳೂರು ಕಡೆಯ ಚಳಿಗೆ ಶೀಶೆಯಲ್ಲೇ ಹೆಪ್ಪುಗಟ್ಟುವುದನ್ನು ನೋಡಿಯೇ ಇದ್ದೀರಿ. ಅಡುಗೆ ಎಣ್ಣೆಯಂತೂ ದಿನ ಕಳೆದಂತೆ ಒಲೆಯ ಪಕ್ಕದ ಡಬ್ಬಿಯ ಜಿಡ್ಡಿನ ಹಾಗೆ ಅಂಟಾಗುತ್ತದೆ. ಕೆಲವು ಕೇಬಲ್ಲುಗಳ ಒಳಗೆ ನೈಲಾನ್ ಕೊಳವೆ ಇರುತ್ತದೆ, ಅವಕ್ಕೆ ಎಣ್ಣೆ ಬೇಡ ಎಂದು ಪುಸ್ತಕದಲ್ಲಿ ಬರೆದಿದ್ದರೆ ಹಾಕಬೇಡಿ.

ತುದಿಯ ಗುಂಡಿನ ಹತ್ತಿರ ಒಂದೆರಡು ಎಳೆ ತುಂಡಾಗಿದ್ದು ಕಂಡರೆ ಎಣ್ಣೆಯಿಂದ ಉಪಯೋಗವಿಲ್ಲ, ಕೇಬಲ್ಲನ್ನೇ ಬದಲಾಯಿಸಿ. ಪ್ಲೇಟ್ ಸೆಟ್ಟಿಗೆ ಹೋಲಿಸಿದರೆ ಅದರ ಬೆಲೆ ಬಹಳ ಕಡಿಮೆ. ಒಂದು ಹೆಚ್ಚಿನದನ್ನು ತಂದು ಸೀಟಿನ ಕೆಳಗೆ ಇಟ್ಟಿರಿ. ದಾರಿಯಲ್ಲಿ ಕೇಬಲ್ಲು ತುಂಡಾದರೆ ಗಾಬರಿ ಬೇಡ ಎಂದು ಮನೆಯವರಿಗೂ ಮಗನಿಗೂ ಹೇಳಿ. ಆಕ್ಸಿಲರೇಟರ್ ಇಳಿಸಿ, ಬ್ರೇಕು ಹಿಡಿದು ರಸ್ತೆಯ ಅಂಚಿಗೆ ಬಂದು, ಕೀಲಿ ಬಂದ್ ಮಾಡಿದರೆ ಸಾಕು.

ಡಬ್ಬಿ ನೋಡಿ ಆಯಿಲ್ ಹಾಕಿಸಿ

ಹೆಚ್ಚಿನ ಬೈಕುಗಳ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿಗೆಂದು ಮಾಡಿದ ಕೆಲವು ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ವಸ್ತು ಸೇರಿಸಿರುತ್ತಾರೆ. ಕಾರಿಗೆ ಅದು ಒಳ್ಳೆಯದು. ಬೈಕಿಗೆ ಹಾಕಿದರೆ ಪ್ಲೇಟು ಹೊಸದಿದ್ದರೂ ಜಾರಬಹುದು. ಬೈಕಿನ ಡಬ್ಬಿಯ ಮೇಲೆ “ಜಾಸೋ ಎಂ.ಎ.” ಅಥವಾ “ಎಂ.ಎ. 2” ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. “ಎಂ.ಬಿ.” ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರಿಗೆ. ಸ್ಲಿಪ್ ಶುರುವಾದದ್ದು ಆಯಿಲ್ ಬದಲಾಯಿಸಿದ ಮೇಲೆಯೇ ಎಂದು ನಿಮಗೆ ನೆನಪಾದರೆ ಆ ಮಾತನ್ನು ಮೆಕ್ಯಾನಿಕ್ಕಿಗೆ ತಪ್ಪದೆ ಹೇಳಿ.

ಮೆಕ್ಯಾನಿಕ್ಕಿನ ಹತ್ತಿರ ಯಾವಾಗ?

ಸಡಿಲು ಅಳತೆಗೆ ಸರಿಯಾಗಿದೆ, ಆಯಿಲೂ ಸರಿಯಾದದ್ದೇ, ಆದರೂ ಜಾರುತ್ತಿದೆ ಎಂದರೆ ಪ್ಲೇಟೋ ಸ್ಪ್ರಿಂಗೋ ಹೋಗಿದೆ. ಆಗ ಮೆಕ್ಯಾನಿಕ್ ಹೇಳಿದ್ದೇ ಸರಿ. ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚುವ ಕೆಲಸ ಮನೆಯಲ್ಲಿ ಬೇಡ. ಅಡ್ಜಸ್ಟ್ ಮಾಡಿದ ವಾರದೊಳಗೇ ಸಡಿಲು ಮತ್ತೆ ಮಾಯವಾದರೂ ಅದೇ ಸೂಚನೆ. ಬಿಚ್ಚಿದ ಹಳೆ ಪ್ಲೇಟುಗಳನ್ನು ಕೇಳಿ ತೆಗೆದುಕೊಂಡು ನೋಡಿ. ಒರಟು ಪಟ್ಟಿ ಸವೆದು ತೆಳುವಾಗಿದ್ದರೆ, ಇಲ್ಲವೇ ಉಕ್ಕಿನ ಪ್ಲೇಟು ಸುಟ್ಟು ನೀಲಿಗಟ್ಟಿದ್ದರೆ ಅದರ ಕಾಲ ಮುಗಿದಿದೆ.

ಒಳ್ಳೆಯ ಮೆಕ್ಯಾನಿಕ್ಕಿಗೆ ಇದರಿಂದ ಬೇಜಾರಾಗುವುದಿಲ್ಲ. “ಅಣ್ಣಾ, ಸಡಿಲು ನೋಡಿದ್ವಿ, 15 ಮಿ.ಮೀ. ಇದೆ, ಆಯಿಲ್ ಡಬ್ಬಿನೂ ನೋಡಿದ್ವಿ, ಆದ್ರೂ ದಿಬ್ಬದಲ್ಲಿ ಸ್ಲಿಪ್ ಆಗ್ತಿದೆ” ಎಂದರೆ ಅವನ ಅರ್ಧ ಕೆಲಸ ಮುಗಿದಂತೆ. ಏನೂ ಹೇಳದೆ ಗಾಡಿ ಬಿಟ್ಟುಬಂದರೆ ಅವನೂ ಅಂದಾಜಿನ ಮೇಲೆಯೇ ನಡೆಯಬೇಕಾಗುತ್ತದೆ.

ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡ ಮನೆಗಳು ಇನ್ನೂ ಇವೆ. 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲೇ ತಯಾರಾದ ಆ ಗಾಡಿಗಳಲ್ಲಿ ಕಿಕ್ ಹೊಡೆಯುವ ಪೆಡಲ್ಲೇ ಗೇರಿನ ಪೆಡಲ್ಲೂ ಹೌದು. ಅವುಗಳ ಕ್ಲಚ್ ಹೊಂದಿಸುವ ಕ್ರಮವೇ ಬೇರೆ. ಅದನ್ನು ಬಲ್ಲ ಹಳೆ ಕೈಗೇ ಕೊಡಿ.

ಸ್ಕೂಟಿ ಇರುವವರಿಗೆ ಒಂದು ಎಚ್ಚರಿಕೆ

ಗೇರಿಲ್ಲದ ಸ್ಕೂಟರುಗಳಲ್ಲಿ ಕ್ಲಚ್ಚು ತಾನಾಗಿ ಹಿಡಿಯುತ್ತದೆ, ತಾನಾಗಿ ಬಿಡುತ್ತದೆ, ಅದಕ್ಕೆ ಲಿವರಿಲ್ಲ. ಎಲೆಕ್ಟ್ರಿಕ್ ಸ್ಕೂಟರಿಗೂ ಕ್ಲಚ್ ಲಿವರಿಲ್ಲ. ಅವುಗಳ ಎಡಗೈ ಲಿವರ್ ಬ್ರೇಕಿನದು! ಈ ಲೇಖನ ಓದಿ ಅದನ್ನು ಬಿಚ್ಚಲು ಹೋಗಬೇಡಿ. ಲಿವರಿನ ಪಕ್ಕದಲ್ಲಿ ಎಣ್ಣೆಯ ಪುಟ್ಟ ಡಬ್ಬಿ ಇರುವ ದೊಡ್ಡ ಬೈಕುಗಳಲ್ಲೂ ಕೇಬಲ್ಲಿಲ್ಲ, ಅದನ್ನೂ ಮುಟ್ಟಬೇಡಿ.

ಓಡಿಸುವವರಿಗೆ ಹೇಳಬೇಕಾದ್ದು

ಲಿವರಿನ ಮೇಲೆ ಬೆರಳಿಟ್ಟುಕೊಂಡೇ ಓಡಿಸುವ ಚಾಳಿ ಬಿಡಿಸಿ. ಬೆರಳಿನ ಭಾರಕ್ಕೇ ಸಡಿಲು ತಿಂದುಹೋಗಿ ಪ್ಲೇಟು ಜಾರುತ್ತದೆ. ರೈಲ್ವೆ ಗೇಟು, ಸಿಗ್ನಲ್ಲುಗಳಲ್ಲಿ ಗೇರಿನಲ್ಲಿಟ್ಟು ಲಿವರ್ ಹಿಡಿದು ಕಾಯುವ ಬದಲು ನ್ಯೂಟ್ರಲ್ಲಿಗೆ ಹಾಕಲಿ. ಏರಿನಲ್ಲಿ ನಿಲ್ಲಬೇಕಾದಾಗ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಿ ಹಿಡಿಯಬಾರದು, ಬ್ರೇಕು ಇರುವುದೇ ಅದಕ್ಕೆ. ಹಾಲಿನ ಕ್ಯಾನು ಹೇರಿ ದಿಬ್ಬ ಹತ್ತುವಾಗ ಮೊದಲೇ ಕೆಳಗಿನ ಗೇರಿಗೆ ಬಂದುಬಿಡಲಿ.

ಕಾಗದ ಬರೆದ ತಂಗಿಗೆ ಕೊನೆಯದಾಗಿ ಒಂದು ಮಾತು. ಮೊದಲು ಅಳೆದು ನೋಡಿ. ಸಡಿಲು ಇಲ್ಲದಿದ್ದರೆ ಅಡ್ಜಸ್ಟ್ ಮಾಡಿ ನಾಲ್ಕು ದಿನ ಹಾಲಿನ ಕ್ಯಾನಿಲ್ಲದೆ, ಮಕ್ಕಳಿಲ್ಲದೆ ಓಡಿಸಿ ನೋಡಲಿ. ಸರಿಹೋದರೆ ಚೀಟಿ ದುಡ್ಡು ಮಗಳಿಗೇ ಉಳಿಯುತ್ತದೆ. ಆಗಲೂ ಜಾರಿದರೆ ಮಾತ್ರ ಹಿಂದೆಮುಂದೆ ನೋಡಬೇಡಿ, ಪ್ಲೇಟು ಹಾಕಿಸಿಬಿಡಿ. ಹದಿನೈದು ದಿನದಿಂದ ಜಾರುತ್ತಿದೆ ಎಂದಿದ್ದೀರಿ, ಅಷ್ಟರಲ್ಲಿ ಪ್ಲೇಟು ಸುಟ್ಟಿರುವುದೂ ಸಾಧ್ಯ. ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಏರಿನ ನಡುವೆ, ಹಿಂದಿನಿಂದ ಲಾರಿ ಬರುತ್ತಿರುವಾಗ ಗಾಡಿ ಎಳೆಯದೆ ನಿಂತರೆ ಆಗುವ ಅನಾಹುತದ ಮುಂದೆ ಯಾವ ಖರ್ಚೂ ದೊಡ್ಡದಲ್ಲ. ಉಳಿತಾಯ ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಎಂದು ತಿಳಿಯುವುದಕ್ಕೇ ಈ ಅಳತೆ.

ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ತಿಂಗಳ ಮೊದಲ ಭಾನುವಾರ ಈ ಅಳತೆಯನ್ನೂ ಬರೆದಿಡಿ: ತಾರೀಕು, ಇಷ್ಟು ಮಿ.ಮೀ., ಎಷ್ಟು ಸುತ್ತು ತಿರುಗಿಸಿದಿರಿ. ನಾಲ್ಕು ತಿಂಗಳ ಸಾಲು ನೋಡಿದರೆ ನಿಮ್ಮ ಗಾಡಿಯ ಸ್ವಭಾವ ನಿಮಗೇ ತಿಳಿಯುತ್ತದೆ.

ಮುಂದಿನ ಸಂಚಿಕೆಯಲ್ಲಿ ಬೈಕಿನ ಚೈನು ಸಡಿಲವಾದಾಗ ಏನು ಮಾಡಬೇಕೆಂದು ನೋಡೋಣ. ಅಲ್ಲಿಯವರೆಗೆ ನಿಮ್ಮ ಕಾಗದಗಳು ಬರುತ್ತಿರಲಿ.